ಗೂಗಲ್ ಸರ್ಟಿಫಿಕೇಟ್ ಕ್ಯಾಶ್ ಮಾಡುವ ನಾಲ್ಕು ರೂಬಿ ಜೆಮ್‌ಗಳು: ಯಾವುದು ನಂಬಿಕೆಗೆ ಅರ್ಹ?

ಗೂಗಲ್ ಖಾತೆಯಿಂದ ಲಾಗಿನ್ ಆದವರು ಯಾರೆಂದು ಹೇಳುವ, ಗೂಗಲ್ ಸಹಿ ಮಾಡಿದ ಚೀಟಿಯೇ ಐಡಿ ಟೋಕನ್. ರೂಬಿ ಭಾಷೆಯಲ್ಲಿ ಅದನ್ನು ಪರೀಕ್ಷಿಸಲು ಜೆಮ್‌ಗಳು, ಅಂದರೆ ಸಿದ್ಧ ಲೈಬ್ರರಿಗಳು, ಇವೆ. ಸಹಿ ಪರೀಕ್ಷಿಸಲು ಗೂಗಲ್‌ನ ಪಬ್ಲಿಕ್ ಸರ್ಟಿಫಿಕೇಟ್ (ಪರೀಕ್ಷೆಯ ಕೀ ಇರುವ ಕಡತ) ಬೇಕು. ಅದನ್ನು ಪ್ರತಿ ರಿಕ್ವೆಸ್ಟ್‌ಗೂ ತರುವಂತಿಲ್ಲ, ಒಮ್ಮೆ ತಂದು ಕೊನೆತನಕ ಇಟ್ಟುಕೊಳ್ಳುವಂತೆಯೂ ಇಲ್ಲ, ಏಕೆಂದರೆ ಗೂಗಲ್ ಕೀ ಬದಲಿಸುತ್ತಲೇ ಇರುತ್ತದೆ. ಸ್ವಲ್ಪ ಕಾಲ ಇಟ್ಟುಕೊಳ್ಳುವುದೇ ಕ್ಯಾಶ್. ಎಷ್ಟು ಕಾಲ ಎಂಬುದಕ್ಕೆ ಇಲ್ಲಿ ಅವಧಿ ಎರಡು. ಸರ್ಟಿಫಿಕೇಟ್ ಒಳಗೇ ಬರೆದಿರುವ 'ನಾಟ್ ಆಫ್ಟರ್' (ಇದರ ನಂತರ ಸಲ್ಲದು ಎಂಬ ದಿನಾಂಕ) ಒಂದು, ಎಚ್‌ಟಿಟಿಪಿ ಉತ್ತರದ ಕ್ಯಾಶ್-ಕಂಟ್ರೋಲ್ ಹೆಡರ್‌ನ 'ಮ್ಯಾಕ್ಸ್-ಏಜ್' (ಪ್ರತಿಯನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಎಂಬುದು) ಇನ್ನೊಂದು. ಮೊದಲನೆಯದು ದಿನಗಟ್ಟಲೆ ಇದ್ದರೂ ಎರಡನೆಯದು ಕೆಲವೇ ಗಂಟೆ. ಮತ್ತೆ ಯಾವಾಗ ತರಬೇಕು ಎಂಬುದಕ್ಕೆ ಮ್ಯಾಕ್ಸ್-ಏಜ್ ನೋಡಿ ಎಂದು ಗೂಗಲ್‌ನ ಆ್ಯಪ್ ಸೇವೆಯಾದ ಫೈರ್‌ಬೇಸ್‌ನ ದಾಖಲೆಯೇ ಹೇಳುತ್ತದೆ. ಎಲ್ಲ ಜೆಮ್‌ಗಳೂ ಈ ಮಾತು ಕೇಳುವುದಿಲ್ಲ.

'ಗೂಗಲ್-ಐಡಿ-ಟೋಕನ್' ಜೆಮ್ ಹೆಡರ್ ಕಡೆ ನೋಡುವುದೇ ಇಲ್ಲ. ಅದರ ಕ್ಯಾಶ್ 3600 ಸೆಕೆಂಡ್. ಬೇಡವೆಂದರೆ ವ್ಯಾಲಿಡೇಟರ್‌ಗೆ 'ಎಕ್ಸ್‌ಪೈರಿ' ಕೊಟ್ಟು ಬದಲಿಸಬಹುದು. ಇದಕ್ಕಿಂತ ದೊಡ್ಡ ತೊಡಕು ಬೀಗದ್ದು. ಇಡೀ ಪರೀಕ್ಷೆ ಒಂದೇ ಮಾನಿಟರ್ (ಒಮ್ಮೆಗೆ ಒಂದೇ ಥ್ರೆಡ್ ಅನ್ನು, ಅಂದರೆ ಕೆಲಸದ ಒಂದೇ ಎಳೆಯನ್ನು, ಒಳಬಿಡುವ ಬೀಗ) ಒಳಗೆ ನಡೆಯುತ್ತದೆ, ಸರ್ಟಿಫಿಕೇಟ್ ಡೌನ್‌ಲೋಡ್ ಕೂಡ ಅಲ್ಲೇ. ಡೌನ್‌ಲೋಡ್‌ಗೆ ಬಳಸುವ ರೂಬಿಯ ನೆಟ್-ಎಚ್‌ಟಿಟಿಪಿಯ ಡೀಫಾಲ್ಟ್ ಟೈಮ್‌ಔಟ್ (ಕಾಯುವ ಮಿತಿ) 60 ಸೆಕೆಂಡ್. ಒಂದೇ ವ್ಯಾಲಿಡೇಟರ್ ಹಂಚಿಕೊಂಡ ಪ್ಯೂಮಾ ವೆಬ್ ಸರ್ವರ್‌ನಲ್ಲಿ ನೆಟ್‌ವರ್ಕ್ ತಡವರಿಸಿದರೆ ಲಾಗಿನ್‌ಗೆ ಬಂದ ಥ್ರೆಡ್‌ಗಳೆಲ್ಲ ಸಾಲಾಗಿ ನಿಂತುಬಿಡುತ್ತವೆ. ಸಣ್ಣ ಆ್ಯಪ್‌ಗೆ ನಡೆಯುತ್ತದೆ, ಅಷ್ಟೇ.

'ಗೂಗಲ್‌ಆತ್' ಗೂಗಲ್‌ನದೇ ಜೆಮ್, ಬೀಗದ ವಿಷಯದಲ್ಲಿ ಜಾಣ. ಕೈಯಲ್ಲಿರುವ ಕೀಗಳಿಂದ ಕೆಲಸವಾದರೆ ಯಾರೂ ಕಾಯಬೇಕಿಲ್ಲ. ಹೊಸದು ತರುವಾಗ ಮಾತ್ರ ಬೀಗ. ಆದರೆ ಅದರ 'ರಿಟ್ರೈ ಇಂಟರ್ವಲ್', ಅಂದರೆ 3600 ಸೆಕೆಂಡ್, ಕ್ಯಾಶ್‌ನ ಅವಧಿ ಎಂದು ಅನೇಕರು ತಿಳಿದಿದ್ದಾರೆ. ಅದು ಎರಡು ಡೌನ್‌ಲೋಡ್‌ಗಳ ನಡುವೆ ಇರಬೇಕಾದ ಕನಿಷ್ಠ ಅಂತರ. ಇರುವ ಕೀಗಳಿಂದ ಟೋಕನ್ ತೆರೆಯದಿದ್ದಾಗಷ್ಟೇ ಹೊಸದನ್ನು ತರುತ್ತದೆ. ಹೀಗಾಗಿ ಗೂಗಲ್ ಒಂದು ಕೀಯನ್ನು ಹಿಂತೆಗೆದುಕೊಂಡರೂ, ಅಪರಿಚಿತ ಟೋಕನ್ ಒಂದು ಬರುವ ತನಕ ಹಳೆಯದಕ್ಕೆ ಮನ್ನಣೆ ಸಿಗುತ್ತಲೇ ಇರುತ್ತದೆ. ಬ್ಯಾಂಕಿಂಗ್ ಥರದ ಕೆಲಸಕ್ಕೆ ಇದು ಸಾಲದು.

ಫೈರ್‌ಬೇಸ್ ಟೋಕನ್‌ಗಳಿಗಾಗಿ ಇರುವ 'ಫೈರ್‌ಬೇಸ್_ಐಡಿ_ಟೋಕನ್' ಮ್ಯಾಕ್ಸ್-ಏಜ್ ಓದಿ, ಅದನ್ನೇ ರೆಡಿಸ್‌ನಲ್ಲಿ (ಮೆಮೊರಿಯಲ್ಲಿ ಡೇಟಾ ಇಡುವ ಪ್ರತ್ಯೇಕ ಸರ್ವರ್) ಟಿಟಿಎಲ್ (ಅಳಿಯುವ ಮೊದಲಿನ ಅವಧಿ) ಆಗಿ ಇಡುತ್ತದೆ. ಕೇಳಲು ಚೆನ್ನ. ಎಡವುವುದು ಕ್ರಾನ್ (ನಿಗದಿತ ವೇಳೆಗೆ ತಾನೇ ಓಡುವ ಕೆಲಸ) ಹಾಕುವಾಗ. 'ರಿಕ್ವೆಸ್ಟ್' ಮೆಥಡ್ ರೆಡಿಸ್ ಖಾಲಿ ಇದ್ದರೆ ಮಾತ್ರ ಡೌನ್‌ಲೋಡ್ ಮಾಡುತ್ತದೆ. ಗಂಟೆಗೊಮ್ಮೆ ಅದನ್ನು ಓಡಿಸುತ್ತೀರಿ ಎನ್ನಿ. 10:00ಕ್ಕೆ ಕ್ರಾನ್ ಓಡಿದಾಗ ಸರ್ಟಿಫಿಕೇಟ್ ಇದೆ, ಅದು ಸುಮ್ಮನಿರುತ್ತದೆ. 10:05ಕ್ಕೆ ಟಿಟಿಎಲ್ ಮುಗಿದು ರೆಡಿಸ್ ಅಳಿಸಿಹಾಕುತ್ತದೆ. 11:00ರ ತನಕ ಬಂದ ಪ್ರತಿ ಟೋಕನ್‌ಗೂ 'ನೋ ಸರ್ಟಿಫಿಕೇಟ್ಸ್ ಎರರ್'. ಕ್ರಾನ್‌ನಲ್ಲಿ ಹಾಕಬೇಕಾದದ್ದು ಆಶ್ಚರ್ಯಚಿಹ್ನೆ ಇರುವ 'ರಿಕ್ವೆಸ್ಟ್!', ಅಥವಾ 'ಫೋರ್ಸ್_ರಿಕ್ವೆಸ್ಟ್' ಎಂಬ ರೇಕ್ ಟಾಸ್ಕ್ (ಕಮಾಂಡ್‌ನಿಂದ ಓಡಿಸುವ ರೂಬಿ ಕೆಲಸ). ಇದು ಹಳೆಯದರ ಮೇಲೆಯೇ ಬರೆದು ಟಿಟಿಎಲ್ ಅನ್ನೂ ಹೊಸದು ಮಾಡುತ್ತದೆ.

ಇನ್ನು, ನಾಲ್ಕಾರು ಕೆಬಿಯ, ಎಲ್ಲರಿಗೂ ತೆರೆದಿಟ್ಟ ಸರ್ಟಿಫಿಕೇಟ್‌ಗಾಗಿ ರೆಡಿಸ್ ಏಕೆ? ರೆಡಿಸ್ ಬಿದ್ದರೆ ಲಾಗಿನ್ನೂ ಬೀಳುತ್ತದೆ. ಹತ್ತು ಪ್ಯೂಮಾ ವರ್ಕರ್‌ಗಳು ತಂತಮ್ಮ ಮೆಮೊರಿಯಲ್ಲಿ ಒಂದೊಂದು ಪ್ರತಿ ಇಟ್ಟುಕೊಂಡರೆ ಕೆಲವು ಗಂಟೆಗೆ ಹತ್ತು ಡೌನ್‌ಲೋಡ್. ಅದೊಂದು ಹೊರೆಯೇ ಅಲ್ಲ.

ಆದ್ದರಿಂದ ನಮ್ಮ ಆಯ್ಕೆ, ಇಂಥ ಟೋಕನ್‌ಗಳನ್ನು (ಜೆಡಬ್ಲ್ಯುಟಿ) ಓದುವ ಸಾಮಾನ್ಯ ಜೆಮ್ ಆದ 'ರೂಬಿ-ಜೆಡಬ್ಲ್ಯುಟಿ'. ಅದರ 'ಜೆಡಬ್ಲ್ಯುಕೆಎಸ್' (ಕೀಗಳ ಪಟ್ಟಿ) ಆಯ್ಕೆಗೆ ಲ್ಯಾಂಬ್ಡಾ (ನೀವೇ ಬರೆದ ಪುಟ್ಟ ಫಂಕ್ಷನ್) ಕೊಡಬಹುದು, ಕ್ಯಾಶ್ ಸಂಪೂರ್ಣ ನಿಮ್ಮ ಕೈಯಲ್ಲಿ. ಟೋಕನ್ ಹೆಡರ್‌ನ 'ಕಿಡ್' (ಕೀಯ ಗುರುತು) ಆ ಪಟ್ಟಿಯಲ್ಲಿ ಸಿಗದಿದ್ದರೆ ಜೆಮ್ ಅದೇ ಲ್ಯಾಂಬ್ಡಾವನ್ನು 'ಕಿಡ್_ನಾಟ್_ಫೌಂಡ್' ಜೊತೆ ಎರಡನೇ ಬಾರಿ ಕರೆಯುತ್ತದೆ. ಆಗ ಕಣ್ಣುಮುಚ್ಚಿ ಡೌನ್‌ಲೋಡ್‌ಗೆ ಇಳಿಯಬಾರದು. ಯಾರೋ ಮನಬಂದ ಕಿಡ್ ಇಟ್ಟ ಸಾವಿರ ಟೋಕನ್ ಕಳಿಸಿದರೆ ನಿಮ್ಮ ಸರ್ವರ್ ಸಾವಿರ ಸಲ ಗೂಗಲ್ ಬಾಗಿಲು ತಟ್ಟುತ್ತದೆ. ಜೆಮ್‌ನ ರೀಡ್‌ಮಿಯಲ್ಲಿರುವ ಉದಾಹರಣೆಯಂತೆ 300 ಸೆಕೆಂಡಿಗೆ ಒಂದೇ ಸಲ ಎಂಬ ತಡೆ ಸಾಕು. ಆ ಉದಾಹರಣೆಯಲ್ಲಿ ಇಲ್ಲದ್ದನ್ನು ನೀವೇ ಸೇರಿಸಬೇಕು: ಮ್ಯಾಕ್ಸ್-ಏಜ್‌ನಿಂದ 'ಏಜ್' ಹೆಡರ್ ಕಳೆದು ಉಳಿದ ಆಯುಸ್ಸು (ನಡುವಿನ ಪ್ರಾಕ್ಸಿಯಲ್ಲಿ ಉತ್ತರ ಅದಾಗಲೇ ಹಳಸಿರಬಹುದು), ಹೊಸದು ತರುವ ಥ್ರೆಡ್‌ಗೆ ಮಾತ್ರ ಮ್ಯೂಟೆಕ್ಸ್ (ಬೀಗ), ಓಪನ್ ಮತ್ತು ರೀಡ್ ಟೈಮ್‌ಔಟ್ ಎರಡೂ 3 ಸೆಕೆಂಡ್. ಡೌನ್‌ಲೋಡ್ ಸೋತರೆ ಹಳೆಯ ಪ್ರತಿಯನ್ನೇ ಒಂದು ಗಂಟೆ ಮುಂದುವರಿಸಿ, ಅದೂ ನಾಟ್ ಆಫ್ಟರ್ ದಾಟಿಲ್ಲದಿದ್ದರೆ. ಆ ಗಂಟೆಯಲ್ಲಿ ಲಾಗ್‌ಗೆ ಎಚ್ಚರಿಕೆ ಬೀಳಲೇಬೇಕು.

ರೂಬಿಯ ವೆಬ್ ಫ್ರೇಮ್‌ವರ್ಕ್ ಆದ ರೈಲ್ಸ್‌ನ ಕ್ಯಾಶ್ ಬಳಸಿಯೇ ತೀರುತ್ತೇನೆ ಎನ್ನುವವರು ಪೆಮ್ ಸ್ಟ್ರಿಂಗ್ (ಸರ್ಟಿಫಿಕೇಟ್‌ನ ಪಠ್ಯ ರೂಪ) ಇಡಿ. ಓಪನ್‌ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಆಬ್ಜೆಕ್ಟ್ ಅನ್ನೇ ಇಟ್ಟರೆ ಹಳೆಯ ರೂಬಿಗಳಲ್ಲಿ ಮಾರ್ಷಲ್ ಮಾಡಲಾಗದೆ (ಉಳಿಸಲು ಬೈಟ್‌ಗಳಾಗಿ ಬದಲಿಸಲಾಗದೆ) ಟೈಪ್‌ಎರರ್ ಬರುತ್ತದೆ. ರೆಡಿಸ್ ಕ್ಯಾಶ್ ಸ್ಟೋರ್ ಸಂಪರ್ಕ ಕಡಿದಾಗ ಎರರ್ ಕೊಡದೆ 'ಇಲ್ಲ' ಎಂದಷ್ಟೇ ಉತ್ತರಿಸುತ್ತದೆ. ಆಗ ಪ್ರತಿ ಲಾಗಿನ್ನೂ ಒಂದು ಡೌನ್‌ಲೋಡ್.

ಟೆಸ್ಟ್ ಬರೆಯುವಾಗ ಒಂದು ಮಾತು. ಅವಧಿ ಎಣಿಸಲು ಟೈಮ್-ನೌ ಬದಲು ಮಾನೊಟಾನಿಕ್ ಕ್ಲಾಕ್ (ಮುಂದಕ್ಕೆ ಮಾತ್ರ ಓಡುವ ಗಡಿಯಾರ) ಬಳಸಿದರೆ, ನೆಟ್‌ನಿಂದ ಸಮಯ ಹೊಂದಿಸುವ ಎನ್‌ಟಿಪಿ ಸಿಸ್ಟಮ್ ಗಡಿಯಾರ ಸರಿಪಡಿಸಿದರೂ ಲೆಕ್ಕ ತಪ್ಪದು. ಆದರೆ ಟೆಸ್ಟ್‌ಗಾಗಿ ಸಮಯ ಬದಲಿಸುವ ರೈಲ್ಸ್‌ನ 'ಟ್ರಾವೆಲ್_ಟು' ಆ ಮಾನೊಟಾನಿಕ್ ಗಡಿಯಾರವನ್ನು ಅಲ್ಲಾಡಿಸುವುದಿಲ್ಲ, ಅವಧಿ ಮುಗಿಯುವ ಟೆಸ್ಟ್ ಸುಮ್ಮನೆ ಫೇಲ್ ಆಗುತ್ತದೆ. ಗಡಿಯಾರವನ್ನೂ ಲ್ಯಾಂಬ್ಡಾ ಆಗಿ ಹೊರಗಿನಿಂದ ಕೊಟ್ಟುಬಿಡಿ.