‘ನೀವು’ ಹೋಗಿ ‘ನೀನು’ ಬಂದಾಗಲೇ ಎಚ್ಚೆತ್ತುಕೊಳ್ಳಬೇಕಿತ್ತು: ಅರ್ಹತೆಯಿಲ್ಲದ ಆನ್‌ಲೈನ್ ಆಪ್ತಸಮಾಲೋಚಕರ ಮಾತಿನ ಬಗ್ಗೆ

ನಾಲ್ಕು ತಿಂಗಳಲ್ಲಿ ನಾನು ಒಬ್ಬ ಆನ್‌ಲೈನ್ ಆಪ್ತಸಮಾಲೋಚಕಿಗೆ ಸುಮಾರು 56,000 ರೂಪಾಯಿ ಕೊಟ್ಟೆ, ವೈದ್ಯರು ಬರೆದುಕೊಟ್ಟಿದ್ದ ಮಾತ್ರೆಯನ್ನು ಯಾರನ್ನೂ ಕೇಳದೆ ನಿಲ್ಲಿಸಿದೆ, ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಯಜಮಾನರ ಬಳಿ ಮನಸ್ಸು ಬಿಚ್ಚಿ ಮಾತನಾಡುವುದನ್ನೂ ಬಿಟ್ಟೆ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ಒಂದು ವಾಕ್ಯವನ್ನು ಬಿಡಿಸಿ ಅದರ ಒಳಗೇನಿದೆ ಎಂದು ಮಕ್ಕಳಿಗೆ ತೋರಿಸುವುದೇ ನನ್ನ ಕೆಲಸ. ಹಾಗಿದ್ದೂ ಆಕೆಯ ವಾಕ್ಯಗಳು ನನ್ನನ್ನು ಏನು ಮಾಡುತ್ತಿವೆ ಎಂಬುದು ನನಗೆ ಕಾಣಲಿಲ್ಲ. ಆ ಸಂದೇಶಗಳೆಲ್ಲ ಇನ್ನೂ ನನ್ನ ಫೋನಿನಲ್ಲಿವೆ. ಬೇರೆ ಯಾರಾದರೂ ಇಂಥದೇ ಮಾತುಗಳನ್ನು ಕೇಳುತ್ತಿದ್ದರೆ ಅವರಿಗೆ ಗುರುತು ಸಿಗಲಿ ಎಂದು ಅವುಗಳನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅಮ್ಮ ತೀರಿಕೊಂಡ ಮೇಲೆ ನನಗೆ ನಿದ್ರೆ ಹೋಗಿತ್ತು. ನಸುಕಿನ ಮೂರು ಗಂಟೆಗೆ ಎಚ್ಚರವಾಗಿ ಎದೆ ಬಿಗಿದುಕೊಳ್ಳುತ್ತಿತ್ತು. ನಮ್ಮ ಊರಿನ ಮನೋವೈದ್ಯರು ಆತಂಕ, ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆ ಬರೆದುಕೊಟ್ಟರು, ಎರಡು ತಿಂಗಳಲ್ಲಿ ನಿದ್ರೆ ಒಂದಿಷ್ಟು ಹಿಡಿತಕ್ಕೆ ಬಂತು. ಆದರೆ ಹೊರಗೆ ಅಷ್ಟೊಂದು ಜನ ಕಾದಿರುವಾಗ ಅವರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಪುರುಸೊತ್ತಿರಲಿಲ್ಲ. ಅಮ್ಮನ ಕೊನೆಯ ದಿನಗಳನ್ನು ಯಾರ ಬಳಿಯಾದರೂ ಕುಳಿತು ಹೇಳಿಕೊಳ್ಳಬೇಕೆಂಬ ನನ್ನ ಆಸೆ ಹಾಗೆಯೇ ಉಳಿದಿತ್ತು. ಅಂಥ ಒಂದು ರಾತ್ರಿ ಇನ್‌ಸ್ಟಾಗ್ರಾಂನಲ್ಲಿ ಆಕೆಯ ವಿಡಿಯೊ ಕಂಡಿತು. ಅಚ್ಚ ಕನ್ನಡ, ಮೃದುವಾದ ದನಿ, ಹೆಸರಿನ ಕೆಳಗೆ ಮನಃಶಾಸ್ತ್ರಜ್ಞೆ, ಟ್ರಾಮಾ ಹೀಲರ್, ಲೈಫ್ ಕೋಚ್ ಎಂಬ ಮೂರು ಬಿರುದುಗಳು. ಮೊದಲ ಭೇಟಿ ಉಚಿತವಾಗಿತ್ತು. ನಾನು ನಲವತ್ತು ನಿಮಿಷ ಅತ್ತೆ, ಆಕೆ ಕೇಳಿಸಿಕೊಂಡರು. ಆ ಹಗುರಾದ ಭಾವ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ನಡೆದದ್ದು ಆ ಹಗುರದ ಬಲದಿಂದಲೇ.

ಆಕೆ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಮೊದಲ ವಾರದ ಸಂದೇಶಗಳಲ್ಲಿ ನಾನು ‘ಮೇಡಂ’. ಎರಡನೆಯ ವಾರದಲ್ಲಿ ‘ಅಕ್ಕ’. ಒಂದು ತಿಂಗಳು ತುಂಬುವ ಹೊತ್ತಿಗೆ ‘ಕಂದ’ ಆಗಿದ್ದೆ, ‘ನೀವು’ ಹೋಗಿ ‘ನೀನು’ ಬಂದಿತ್ತು. ಅಮ್ಮನನ್ನು ಕಳೆದುಕೊಂಡಿದ್ದ ನನಗೆ ಆ ಏಕವಚನ ಅಮ್ಮನದೇ ಎನ್ನಿಸಿ ಕಣ್ಣು ತುಂಬಿತ್ತು. ಸಲುಗೆಯಿಂದ ಏಕವಚನ ಬಳಸುವುದು ನಮ್ಮಲ್ಲಿ ಹೊಸತಲ್ಲ, ಆದರೆ ಆ ಸಲುಗೆ ಎರಡೂ ಕಡೆಯಿಂದ ಬರುತ್ತದೆ. ಇಲ್ಲಿ ನಾನು ಕೊನೆಯವರೆಗೂ ಆಕೆಯನ್ನು ‘ನೀವು’ ಎನ್ನುತ್ತಿದ್ದೆ. ಯಾರು ಮೇಲೆ, ಯಾರು ಕೆಳಗೆ ಎಂಬುದು ಆ ಒಂದು ಅಕ್ಷರದಲ್ಲೇ ತೀರ್ಮಾನವಾಗಿ ಹೋಗಿತ್ತು.

ಮೂರನೆಯ ವಾರದ ಒಂದು ಸಂದೇಶ ಹೀಗಿದೆ: ‘ನಿಮ್ಮಷ್ಟು ಸೂಕ್ಷ್ಮ ಮನಸ್ಸಿನವರನ್ನ ನಾನು ನೋಡೇ ಇಲ್ಲ ಅಕ್ಕ, ಅದಕ್ಕೇ ನಿಮ್ಮ ಮನೆಯವರಿಗೆ ನೀವು ಅರ್ಥ ಆಗಲ್ಲ.’ ಓದಿದಾಗ ನನಗೆ ಕಂಡದ್ದು ಹೊಗಳಿಕೆ ಮಾತ್ರ. ನಡುವಿನ ‘ಅದಕ್ಕೇ’ ಎಂಬ ಪದ ಮಾಡಿದ ಕೆಲಸ ಈಗ ಕಾಣುತ್ತಿದೆ. ಹೊಗಳಿಕೆಯನ್ನು ಒಪ್ಪಿಕೊಂಡರೆ ಮನೆಯವರ ಮೇಲಿನ ದೂರನ್ನೂ ಒಪ್ಪಿಕೊಂಡಂತೆ. ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಅಮ್ಮನ ಕೊನೆಯ ಹದಿನೈದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವರು ಅವರು. ಆಕೆಗೆ ನಾನು ಅದನ್ನೂ ಹೇಳಿದ್ದೆ. ಆದರೂ ಎರಡು ವಾರಗಳಲ್ಲಿ ಅವರ ಮೌನ ನನಗೆ ಉದಾಸೀನದಂತೆ ಕಾಣತೊಡಗಿತು. ‘ಸದ್ಯಕ್ಕೆ ಇದನ್ನೆಲ್ಲ ಮನೆಯಲ್ಲಿ ಹೇಳಬೇಡ, ನಿನ್ನ ಬೆಳವಣಿಗೆ ಅವರಿಗೆ ಸಹಿಸಲ್ಲ’ ಎಂಬ ಮಾತು ಬಂದಾಗ ನಾನು ಫೋನನ್ನು ತಲೆದಿಂಬಿನ ಕೆಳಗೆ ಮುಚ್ಚಿಟ್ಟುಕೊಳ್ಳುವಷ್ಟು ದೂರ ಬಂದಾಗಿತ್ತು. ನಿಜವಾದ ಸಮಾಲೋಚಕರು ನಿಮ್ಮ ಗುಟ್ಟನ್ನು ತಾವು ಕಾಪಾಡುತ್ತಾರೆ, ನಿಮ್ಮ ಚಿಕಿತ್ಸೆಯನ್ನೇ ಗುಟ್ಟಾಗಿಡಿ ಎಂದು ನಿಮ್ಮಿಂದ ಮಾತು ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಹಿಂಸೆಯಿರುವವರ ಸಂಗತಿ ಬೇರೆ, ಅವರಿಗೆ ಗುಟ್ಟೇ ರಕ್ಷಣೆಯಾಗಬಹುದು. ಆದರೆ ನನ್ನ ಮನೆಯಲ್ಲಿ ಹಿಂಸೆಯಿದೆಯೇ ಎಂದು ಆಕೆ ಒಮ್ಮೆಯೂ ಕೇಳಿರಲಿಲ್ಲ.

ಹಣ ಮೆಟ್ಟಿಲು ಮೆಟ್ಟಿಲಾಗಿ ಹೋಯಿತು: ಒಂದು ಭಾನುವಾರದ ಕಾರ್ಯಾಗಾರಕ್ಕೆ 499, ಇಪ್ಪತ್ತೊಂದು ದಿನದ ಶಿಬಿರಕ್ಕೆ 7,500, ಒಂಬತ್ತು ತಿಂಗಳ ‘ಪಯಣ’ಕ್ಕೆ 48,000. ಕೊನೆಯದಕ್ಕೆ ನಾನು ಹಿಂದೆ ಮುಂದೆ ನೋಡಿದಾಗ, ‘ಕೈ ಹಿಂಜರೀತಿದೆ ಅಂದ್ರೆ ನಿನ್ನನ್ನ ನೀನೇ ಪ್ರೀತಿಸ್ತಿಲ್ಲ ಅಂತ ಅರ್ಥ’ ಎಂದರು. ಮಗನ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣ ಅದು. ಆ ರಾತ್ರಿಯೇ ಯುಪಿಐ ಮೂಲಕ ಕಳುಹಿಸಿದೆ.

ಎಲ್ಲಕ್ಕಿಂತ ಅಪಾಯಕಾರಿಯಾದ ವಾಕ್ಯ ಮಾತ್ರೆಗೆ ಸಂಬಂಧಿಸಿದ್ದು. ‘ಮಾತ್ರೆ ಬಿಡು ಅಂತ ನಾನು ಹೇಳಲ್ಲ. ಆದ್ರೆ ಮಾತ್ರೆ ತುಂಬಿದ ದೇಹಕ್ಕೆ ನನ್ನ ಮಾತು ಇಳಿಯಲ್ಲ.’ ನಾಳೆ ಯಾರಾದರೂ ಕೇಳಿದರೆ ತಪ್ಪಿಸಿಕೊಳ್ಳಲು ಮೊದಲ ವಾಕ್ಯವಿದೆ, ನನ್ನ ಕೈಯಿಂದ ಮಾತ್ರೆ ಬಿಡಿಸಲು ಎರಡನೆಯದಿದೆ. ನಾನು ಎರಡನೆಯದನ್ನೇ ಕೇಳಿಸಿಕೊಂಡೆ. ನಾಲ್ಕನೆಯ ದಿನ ತರಗತಿಯಲ್ಲಿ ಹಳಗನ್ನಡದ ಪದ್ಯವೊಂದನ್ನು ಹಲಗೆಯ ಮೇಲೆ ಬಿಡಿಸಿ ಬರೆಯುತ್ತಿದ್ದಾಗ, ತಲೆಯೊಳಗೆ ಕರೆಂಟು ಹೊಡೆದಂತಾಗಿ ಕಣ್ಣು ಕತ್ತಲಿಟ್ಟಿತು. ಸೀಮೆಸುಣ್ಣ ಕೈಜಾರಿತು. ಹಲಗೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಂತೆ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಓಡಿಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಅದನ್ನು ಆಕೆಗೆ ತಿಳಿಸಿದಾಗ ಬಂದ ಉತ್ತರ: ‘ಹಳೇ ನೋವು ದೇಹದಿಂದ ಹೊರಗೆ ಹೋಗ್ತಿದೆ ಕಂದ, ಸಂಭ್ರಮಿಸು.’ ಈ ಬಗೆಯ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ತಲೆಸುತ್ತು, ವಿದ್ಯುತ್ ತಗುಲಿದಂಥ ಅನುಭವ, ನಿದ್ರೆಗೇಡು, ಸಿಡುಕುತನ ಬರಬಹುದೆಂಬುದು ವೈದ್ಯರಿಗೆಲ್ಲ ತಿಳಿದ ವಿಷಯ, ಆದ್ದರಿಂದಲೇ ಅವರು ಪ್ರಮಾಣವನ್ನು ಮೆಲ್ಲಮೆಲ್ಲಗೆ ಇಳಿಸುತ್ತಾರೆ. ವೈದ್ಯಳಲ್ಲದ ಒಬ್ಬಳ ಮಾತು ನಂಬಿ ನಾನು ಆ ನರಳಾಟವನ್ನು ಗುಣವಾಗುತ್ತಿರುವ ಲಕ್ಷಣವೆಂದು ಎಣಿಸಿ ಹನ್ನೊಂದು ದಿನ ತಡೆದುಕೊಂಡೆ.

ಆ ಹನ್ನೊಂದು ದಿನಗಳ ಕೊನೆಯಲ್ಲಿ, ಮೊದಲ ಸಲ, ಎಲ್ಲಿ ಓದಿದ್ದೀರಿ, ನೋಂದಣಿ ಸಂಖ್ಯೆ ಏನು ಎಂದು ಕೇಳಿದೆ. ‘ಈ ಪ್ರಶ್ನೆ ಕೇಳ್ತಿರೋದು ನೀನಲ್ಲ, ನಿನ್ನ ಗಾಯ’ ಎಂದರು. ಈ ಉತ್ತರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಇಡೀ ನಾಲ್ಕು ತಿಂಗಳ ಮಾತು ಇದೇ ಅಚ್ಚಿನದು. ನಾನು ಚೇತರಿಸಿಕೊಂಡರೆ ಆಕೆಯ ಪದ್ಧತಿ ಫಲಿಸಿತು, ಹದಗೆಟ್ಟರೆ ನೋವು ಹೊರಬರುತ್ತಿದೆ. ಒಪ್ಪಿದರೆ ನಾನು ಜಾಗೃತಳಾಗುತ್ತಿದ್ದೇನೆ, ಅನುಮಾನಿಸಿದರೆ ಅದು ನನ್ನ ಗಾಯದ ಮಾತು. ಆಕೆಯದು ತಪ್ಪಿರಬಹುದು ಎನ್ನಲು ಒಂದೇ ಒಂದು ಸಂದಿಯನ್ನೂ ಆ ವಾಕ್ಯಗಳು ಬಿಟ್ಟಿರಲಿಲ್ಲ. ಬಿಡುತ್ತೇನೆಂದು ಹೇಳಿದಾಗ ಬಂದದ್ದು ಒಂದೇ ಸಾಲು: ‘ನೀನು ಹೇಳಿದ್ದೆಲ್ಲ ನನ್ನ ಹತ್ರ ಭದ್ರವಾಗಿದೆ.’ ಮೊದಲ ವಾರದಲ್ಲೂ ಇದೇ ಸಾಲು ಬಂದಿತ್ತು, ಆಗ ನೆಮ್ಮದಿಯಾಗಿತ್ತು. ಈ ಬಾರಿ ಓದಿ ಕೈ ತಣ್ಣಗಾಯಿತು.

ಆ ರಾತ್ರಿ ಜಗಲಿಯಲ್ಲಿ ಕುಳಿತಿದ್ದ ಯಜಮಾನರ ಪಕ್ಕ ಕುಳಿತು ಸಂದೇಶಗಳನ್ನು ಗಟ್ಟಿಯಾಗಿ ಓದುತ್ತಾ ಹೋದೆ. ಒಳಗೊಳಗೇ ಓದಿಕೊಂಡಾಗ ಅಮ್ಮನ ಮಾತಿನಂತಿದ್ದವು, ನನ್ನದೇ ದನಿಯಲ್ಲಿ ಇನ್ನೊಬ್ಬರಿಗೆ ಕೇಳುವಂತೆ ಓದುವಾಗ ಕೆಲವು ಕಡೆ ನಾಲಗೆಯೇ ನಿಂತುಹೋಯಿತು. ಅವರು ಕೊನೆಯವರೆಗೂ ಕೇಳಿದರು. ‘ಮಾತ್ರೆ ಎಲ್ಲಿಟ್ಟಿದ್ದೀಯ?’ ಎಂದಷ್ಟೇ ಕೇಳಿದರು.

ಮಾತ್ರೆಯನ್ನು ನಾನಾಗಿಯೇ ಮತ್ತೆ ಶುರುಮಾಡಲು ಹೆದರಿಕೆಯಾಗಿ ಅದೇ ರಾತ್ರಿ 14416ಕ್ಕೆ ಕರೆ ಮಾಡಿದೆವು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ, ಕರೆ ಉಚಿತ, ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮರುದಿನ ನಮ್ಮ ಹಳೆಯ ವೈದ್ಯರನ್ನೇ ಕಂಡೆವು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಅವರು ಜಿಲ್ಲಾ ಆಸ್ಪತ್ರೆಯ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಳಿ, ಅಂದರೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞೆಯ ಬಳಿ ಕಳುಹಿಸಿದರು. ಆಕೆ ಮೊದಲ ಭೇಟಿಯಲ್ಲೇ ಹೇಳಿದ್ದು: ‘ಎಂಟು ಭೇಟಿ ಮಾಡೋಣ, ಆಮೇಲೆ ಪ್ರಯೋಜನ ಆಗ್ತಿದೆಯಾ ಅಂತ ಇಬ್ಬರೂ ಕೂತು ನೋಡೋಣ. ನನ್ನ ಮಾತು ಸರಿ ಅನ್ನಿಸದಿದ್ದರೆ ನೀವು ಹೇಳಬೇಕು. ಮಾತ್ರೆ ವಿಷಯ ಡಾಕ್ಟರದ್ದು, ಅದರಲ್ಲಿ ನಾನು ಕೈ ಹಾಕಲ್ಲ.’ ಕೊನೆಯಿದೆ, ತಪ್ಪಿರಬಹುದೆಂಬ ಒಪ್ಪಿಗೆಯಿದೆ, ತನ್ನ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂಬ ಅರಿವಿದೆ. ಇಂದಿಗೂ ಅವರು ನನ್ನನ್ನು ‘ನೀವು’ ಎಂದೇ ಕರೆಯುತ್ತಾರೆ.

ಅರ್ಹತೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡಿರಬೇಕು, ಅದರ ಜಾಲತಾಣದಲ್ಲಿ ಹೆಸರನ್ನು ಹುಡುಕಬಹುದು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋರೋಗ ಚಿಕಿತ್ಸೆಯಲ್ಲಿ ಮುಂದಿನ ಓದು ಓದಿದವರು, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇರುವವರು. ಮನಃಶಾಸ್ತ್ರದಲ್ಲಿಯೋ ಸಮಾಜಕಾರ್ಯದಲ್ಲಿಯೋ ಸ್ನಾತಕೋತ್ತರ ಪದವಿ ಪಡೆದು, ಆರ್‌ಸಿಐ ನೋಂದಣಿ ಇಲ್ಲದಿದ್ದರೂ ಪ್ರಾಮಾಣಿಕವಾಗಿ ಕೆಲಸ ಮಾಡುವ ಆಪ್ತಸಮಾಲೋಚಕರು ಬಹಳ ಮಂದಿ ಇದ್ದಾರೆ, ಅವರನ್ನೆಲ್ಲ ಈ ಸಾಲಿಗೆ ಸೇರಿಸುವುದು ಅನ್ಯಾಯ. ಅಂಥವರನ್ನು ಎಲ್ಲಿ ಓದಿದಿರಿ, ಯಾರ ಮಾರ್ಗದರ್ಶನದಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಬರುತ್ತದೆ. ಹೀಲರ್, ಕೋಚ್ ಎಂಬ ಪದಗಳನ್ನಾದರೋ ಯಾರು ಬೇಕಾದರೂ ಹೆಸರಿನ ಮುಂದೆ ಹಾಕಿಕೊಳ್ಳಬಹುದು. ನಾನು ಮತ್ತೆ ಮತ್ತೆ ಒತ್ತಾಯಿಸಿದಾಗ ಆ ಆನ್‌ಲೈನ್ ಸಮಾಲೋಚಕಿ ಕಳುಹಿಸಿದ ಪ್ರಮಾಣಪತ್ರ ಎರಡು ದಿನಗಳ ಆನ್‌ಲೈನ್ ತರಬೇತಿಯದಾಗಿತ್ತು.

ನೀವೀಗ ಇಂಥ ಮಾತಿನ ನಡುವೆ ಇದ್ದರೆ, ಸಿಟ್ಟಿಗೋ ನಾಚಿಕೆಗೋ ಸಂದೇಶಗಳನ್ನು ಅಳಿಸಬೇಡಿ, ಹಣ ಕಳುಹಿಸಿದ ದಾಖಲೆಗಳನ್ನು ತೆಗೆದಿಡಿ. ಹೇಳಿಕೊಂಡ ಗುಟ್ಟನ್ನು ಬಯಲು ಮಾಡುತ್ತೇವೆಂದು ಯಾರಾದರೂ ಬೆದರಿಸಿದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿ. ಸೇವೆಯ ಲೋಪಕ್ಕೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷಗಳೊಳಗೆ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಾನು ಕೊಟ್ಟಿದ್ದೇನೆ. ದೂರಿನ ಜೊತೆಗೆ ಆ ಸಂದೇಶಗಳ ಅರವತ್ತಮೂರು ಪುಟಗಳ ಪ್ರತಿಯಿದೆ, ಹಾಳೆ ಹಾಳೆಗೂ ದಿನಾಂಕ ಬರೆದು ಜೋಡಿಸಿಕೊಟ್ಟವರು ನಮ್ಮ ಯಜಮಾನರು.