ಹಿತ್ತಲ ವೈರಿಂಗ್ ಹೊಸದಾಗಿ ಮಾಡಿಸಿದೆವು: ಲೈಸೆನ್ಸ್ ಇದ್ದ ಗುತ್ತಿಗೆದಾರರ ಕೆಲಸ ಹೇಗಿತ್ತು

ಹೋದ ವರ್ಷ ಆಷಾಢದ ಜಡಿಮಳೆಯಲ್ಲಿ ನಮ್ಮತ್ತೆ ಬಟ್ಟೆ ಹರಗಲು ಹಿತ್ತಲಿಗೆ ಹೋದವರು ಕೂಗಿಕೊಂಡದ್ದು ಅಡುಗೆಮನೆಯವರೆಗೂ ಕೇಳಿಸಿತು. ಓಡಿಹೋದೆ. ಬಟ್ಟೆ ತಂತಿಗೆ ಕೈಯ ಹಿಂಭಾಗ ತಾಗಿ ಮೊಣಕೈವರೆಗೂ ಜುಂ ಎಂದಿತ್ತು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ತಂತಿಯನ್ನು ಮುಷ್ಟಿಯಲ್ಲಿ ಹಿಡಿದಿರಲಿಲ್ಲ. ಅಷ್ಟರಿಂದ ಉಳಿದರು. ಎಪ್ಪತ್ತೆಂಟು ವರ್ಷದ ಜೀವ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಮನೆ ಸಾಗರದ ಹತ್ತಿರ. ಬಚ್ಚಲುಮನೆ ಹೊರಗಿದೆ, ಅದರಾಚೆ ಬಾವಿ, ಇನ್ನೂ ಆಚೆ ಕೊಟ್ಟಿಗೆ. ಬಚ್ಚಲ ಲೈಟಿನ ವೈರನ್ನು ಹದಿನೈದು ವರ್ಷದ ಹಿಂದೆ ಆ ಬಟ್ಟೆ ತಂತಿಗೇ ಸುತ್ತಿ ಒಯ್ದಿದ್ದರು. ನಾವೇ ಒಪ್ಪಿ ಮಾಡಿಸಿದ್ದು, ಕಂಬ ನೆಡುವ ಖರ್ಚು ಉಳಿಯಿತು ಎಂದು ಸಮಾಧಾನವನ್ನೂ ಪಟ್ಟಿದ್ದೆವು. ಗಾಳಿಗೆ ವೈರು ತಂತಿಗೆ ತಿಕ್ಕಿ ತಿಕ್ಕಿ ಮೇಲಿನ ಸಿಪ್ಪೆ ಸವೆದಿತ್ತು.

ಬಲ್ಲವರೊಬ್ಬರು ಒಂದು ಮಾತು ಹೇಳಿದರು: ಬಲ್ಬು, ಫ್ಯೂಸು, ಸ್ವಿಚ್ಚು ಬದಲಾಯಿಸುವುದು ಬೇರೆ, ಹೊಸ ಲೈನ್ ಎಳೆಯುವುದು ಬೇರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಲೈನ್ ಸೇರಿಸುವ, ಮಾರ್ಪಡಿಸುವ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು. ನಮ್ಮಲ್ಲಿ ಆ ಲೈಸೆನ್ಸ್ ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಇಷ್ಟು ತಿಳಿದಿರಲಿಲ್ಲವಲ್ಲ ಎಂದು ಸಂಕಟವಾಯಿತು.

ಹಾಗೆ ಹುಡುಕಿ ಕರೆಸಿದ ಗುತ್ತಿಗೆದಾರರ ಕೆಲಸದ ಬಗ್ಗೆಯೇ ಇದನ್ನು ಬರೆಯುತ್ತಿದ್ದೇನೆ. ಅವರನ್ನು ಕೇಳದೆ ಹೆಸರು ಹಾಕುವುದು ನನಗೆ ಸರಿಕಾಣುವುದಿಲ್ಲ. ಮೊದಲ ದಿನ ಬಂದಾಗಲೇ ಲೈಸೆನ್ಸಿನ ಪ್ರತಿ ತೋರಿಸಿದರು, ಅವಧಿ ಮುಗಿದಿಲ್ಲವೆಂದು ನಾನೇ ತಾರೀಖು ಓದಿ ನೋಡಿದೆ. ಆಮೇಲೆ ಒಂದು ತಾಸು ಏನನ್ನೂ ಬಿಚ್ಚಲಿಲ್ಲ, ಬರೀ ನೋಡಿದರು. ಮೀಟರ್ ಬೋರ್ಡಿನಿಂದ ಹೊರಟ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ವೈರಿನ ಜಾಡು ಹಿಡಿದು ನಲ್ಲಿಯವರೆಗೂ ಹೋದರು. "ಟೀಚರೇ, ನಿಮ್ಮನೆ ಅರ್ಥಿಂಗ್ ಎಲ್ಲಿಗೆ ಹೋಗಿದೆ ಬಂದು ನೋಡಿ" ಎಂದು ಕರೆದರು. ಆ ವೈರು ಒಂದು ಗೇಣು ಉದ್ದದ ಹಳೇ ಕಬ್ಬಿಣದ ಪೈಪಿಗೆ ಸುತ್ತಿತ್ತು. ಆ ಪೈಪಿನ ಕೆಳಗಿನದೆಲ್ಲ ಪಿವಿಸಿ, ಅದರಲ್ಲಿ ಕರೆಂಟ್ ಹರಿಯದು. ನಲ್ಲಿ ಸೋರುತ್ತದೆಂದು ಯಾವತ್ತೋ ಪೈಪು ಬದಲಾಯಿಸಿದ ದಿನವೇ ನಮ್ಮ ಮನೆಗೆ ಅರ್ಥಿಂಗ್ ತಪ್ಪಿಹೋಗಿತ್ತು, ಒಬ್ಬರಿಗೂ ಗೊತ್ತಾಗಿರಲಿಲ್ಲ.

ಎಂಸಿಬಿ (ತಾನಾಗಿ ಬಿದ್ದು ಲೈನ್ ಆಫ್ ಮಾಡುವ ಸ್ವಿಚ್ಚು) ಇತ್ತಲ್ಲ, ಅದೇಕೆ ಬೀಳಲಿಲ್ಲ ಎಂದು ಕೇಳಿದೆ. ಅವರು ಕೊಟ್ಟ ಲೆಕ್ಕ ನನಗೆ ಇವತ್ತಿಗೂ ಬಾಯಿಪಾಠ. ನಮ್ಮದು 16 ಆಂಪಿಯರ್‌ನ ಎಂಸಿಬಿ. ಅದು ಕಾಯುವುದು ವೈರನ್ನು, ಲೋಡ್ ಹೆಚ್ಚಾದರೆ ಅಥವಾ ಶಾರ್ಟ್ ಆದರೆ ಬೀಳುತ್ತದೆ. ಮನುಷ್ಯರ ಮೈಮೇಲೆ ಹರಿದು ಪ್ರಾಣ ತೆಗೆಯಲು ಅಷ್ಟು ಕರೆಂಟ್ ಬೇಕಿಲ್ಲ. ಮನುಷ್ಯರನ್ನು ಕಾಯುವುದು ಬೇರೆ ಸಾಧನ. ಆರ್‌ಸಿಸಿಬಿ ಎನ್ನುವುದು ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸು ಬಂತೇ ಎಂದು ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. 16 ಆಂಪಿಯರ್ ಎಂದರೆ ಅದರ ಐನೂರು ಪಟ್ಟಿಗೂ ಹೆಚ್ಚು. ಎಂಸಿಬಿ ನಂಬಿಕೊಂಡು ಒದ್ದೆ ಅಂಗಳದಲ್ಲಿ ಓಡಾಡುತ್ತಿದ್ದೆವು.

ಕೆಲಸ ನಾಲ್ಕು ದಿನ ನಡೆಯಿತು. ಮೇನ್ ಆಫ್ ಮಾಡಿ ಫ್ಯೂಸ್ ಕ್ಯಾರಿಯರ್ ಕಿತ್ತು ವೈರ್‌ಮನ್ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು, ಊಟಕ್ಕೆ ಕೂತಾಗಲೂ ಕೊಡಲಿಲ್ಲ. ಬಾವಿಯವರೆಗೆ ಎರಡೂವರೆ ಅಡಿ ಆಳದ ಕಾಲುವೆ ತೋಡಿ, ಮರಳು ಹಾಸಿ, ಆರ್ಮರ್ಡ್ ಕೇಬಲ್ (ಲೋಹದ ಕವಚವಿರುವ ಕೇಬಲ್) ಮಲಗಿಸಿ, ಮತ್ತೆ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ. ಮುಂದೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಸಿಗಲಿ ಎಂದು. ಪಂಪಿನ ಹತ್ತಿರದ ಹಳೇ ಜಾಯಿಂಟ್ ಬಿಚ್ಚಿದಾಗ ನಾನು ಅಲ್ಲೇ ನಿಂತಿದ್ದೆ. ಕಪ್ಪು ಟೇಪು ಒಂದೊಂದೇ ಸುತ್ತು ಬಿಚ್ಚುತ್ತಾ ಹೋದರು, ಒಳಸುತ್ತಿನಿಂದ ನೀರು ತೊಟ್ಟಿಕ್ಕಿತು. ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದು, ಬೆರಳಲ್ಲಿ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಪ್ರತಿದಿನ ಬೆಳಗ್ಗೆ ಅದರಿಂದ ಒಂದು ಮಾರು ದೂರ ನಿಂತು ನಾನು ಪಂಪಿನ ಸ್ವಿಚ್ ಹಾಕುತ್ತಿದ್ದೆ.

ಈಗ ಅಲ್ಲಿ ಮುಚ್ಚಳವಿರುವ ಐಪಿ 65 ಬಾಕ್ಸ್ ಇದೆ. ಆರು ಎಂದರೆ ಧೂಳು ಒಳಗೆ ಹೋಗದು, ಐದು ಎಂದರೆ ಯಾವ ದಿಕ್ಕಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಕೇಬಲ್ ಬಾಕ್ಸಿನ ತಳದಿಂದಲೇ ಒಳಗೆ ಹೋಗಬೇಕು, ಮೇಲಿಂದ ಹೋದರೆ ಮಳೆನೀರು ಕೇಬಲನ್ನೇ ಹಿಡಿದು ಇಳಿಯುತ್ತದೆ ಎಂದು ಜೊತೆಗಿದ್ದ ಸಹಾಯಕ ಹುಡುಗನಿಗೆ ಹೇಳಿಕೊಡುತ್ತಿದ್ದರು. ಅಂಗಳದಲ್ಲೂ ಅಂಥದ್ದೇ ಎರಡು ಪ್ಲಗ್ ಪಾಯಿಂಟ್ ಹಾಕಿಸಿದೆ. ಅಡಿಕೆ ಸುಲಿಯುವಾಗ ಚಪ್ಪರದ ಲೈಟಿಗೆ, ದೀಪಾವಳಿ ಸೀರಿಯಲ್ ಸೆಟ್‌ಗೆ ಇನ್ನು ಮೇಲೆ ವೈರಿನ ತುದಿ ಸುಲಿದು ಬೆಂಕಿಕಡ್ಡಿ ಸಿಕ್ಕಿಸುವುದು ನಿಂತಿತು.

ಅರ್ಥಿಂಗ್ ವಿಷಯದಲ್ಲಿ ನಾನು ಅವರನ್ನು ಹೆಚ್ಚು ಮೆಚ್ಚಿದೆ. ನಮ್ಮದು ಜಂಬಿಟ್ಟಿಗೆ ನೆಲ, ಕರೆಂಟನ್ನು ಸುಲಭಕ್ಕೆ ಇಳಿಸಿಕೊಳ್ಳುವುದಿಲ್ಲವಂತೆ. ಬಚ್ಚಲ ನೀರು ಹೋಗುವ ಬಾಳೆಬುಡದ ಹತ್ತಿರ ಗುಂಡಿ ತೆಗೆದು ಎಂಟಡಿ ಜಿಐ ಪೈಪ್ (ಸತುವಿನ ಲೇಪದ ಕಬ್ಬಿಣದ ಪೈಪ್) ಇಳಿಸಿ ಇದ್ದಿಲು, ಉಪ್ಪು ತುಂಬಿದರು. ಅಷ್ಟಕ್ಕೆ ಬಿಡದೆ ಎರಡು ಗೂಟ ದೂರ ದೂರ ಹೊಡೆದು ಮೀಟರ್ ಇಟ್ಟು ಕರೆಂಟ್ ನೆಲಕ್ಕಿಳಿಯಲು ಇರುವ ಅಡ್ಡಿ ಅಳೆದರು: 11 ಓಮ್. ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. "ಐದರೊಳಗೆ ತರೋಣ" ಎಂದು ಹತ್ತಡಿ ಆಚೆ ಇನ್ನೊಂದು ಗುಂಡಿ ತೆಗೆದು ಎರಡನ್ನೂ ಜೋಡಿಸಿದರು. ಆಗ 4.6 ಬಂತು. ಮೆಗ್ಗರ್ ಎಂಬ ಅಳತೆಯ ಸಾಧನ ಹಚ್ಚಿ ವೈರುಗಳ ಇನ್ಸುಲೇಶನ್ (ಸಿಪ್ಪೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು) ಕೂಡ ನೋಡಿದರು. 500 ವೋಲ್ಟಿಗೆ ಕನಿಷ್ಠ ಒಂದು ಮೆಗಾಓಮ್ ಇರಬೇಕು, ಬಚ್ಚಲ ಹಳೇ ವೈರು ಅದರ ಹತ್ತಿರಕ್ಕೂ ಬರಲಿಲ್ಲ, ಕಿತ್ತು ಎಸೆದರು. ಎಲ್ಲ ಅಳತೆಯನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ನೀವು ಯಾರನ್ನು ಕರೆಸಿದರೂ ಈ ಕಾಗದ ಕೇಳಿ ಪಡೆಯಿರಿ. ಅಳೆಯದೆ "ಏನೂ ಆಗಲ್ಲ, ಧೈರ್ಯವಾಗಿರಿ" ಎನ್ನುವವರಿಗೆ ಹೊರಗಿನ ಲೈನ್ ಮುಟ್ಟಲು ಬಿಡಬೇಡಿ.

ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರಿಗೆ ತೆಂಗಿನ ಗರಿ ತಾಗುತ್ತಿತ್ತು, ಅದನ್ನೂ ಸರಿಮಾಡಿ ಎಂದೆ. ಒಪ್ಪಲಿಲ್ಲ. ಮೀಟರಿನ ಆಚೆಯದು ವಿದ್ಯುತ್ ಕಂಪನಿ ಮೆಸ್ಕಾಂನವರದು, 1912ಕ್ಕೆ ಫೋನ್ ಮಾಡಿ ಎಂದರು. ಕೊಟ್ಟಿಗೆಯ ಮಾಡು ಮುಂದಕ್ಕೆ ಚಾಚುವ ಯೋಚನೆ ಇತ್ತು, ಪಕ್ಕದಲ್ಲೇ 11 ಕೆವಿ (11,000 ವೋಲ್ಟ್) ಲೈನ್ ಇದೆ. ಪಕ್ಕಕ್ಕೆ 1.2 ಮೀಟರ್, ಲೈನು ಮೇಲೇ ಹಾದರೆ 3.7 ಮೀಟರ್ ಅಂತರ ಇರಲೇಬೇಕು ಎಂದು ಹೇಳಿ ಆ ಯೋಚನೆ ಬಿಡಿಸಿದರು. ಅಲ್ಯೂಮಿನಿಯಂ ದೋಟಿಯನ್ನು ಆ ಬದಿಗೆ ಒಯ್ಯಲೇಬೇಡಿ ಎಂದು ಅಡಿಕೆ ಗೊನೆ ಇಳಿಸುವ ನಮ್ಮ ಕೊನೆಗಾರನಿಗೂ ಎಚ್ಚರಿಕೆ ಹೇಳಿ ಹೋದರು.

ಬೇಸರವಾದದ್ದನ್ನೂ ಹೇಳಬೇಕು. ಬರುತ್ತೇನೆಂದ ದಿನಕ್ಕೆ ಬರಲಿಲ್ಲ, ಒಂದು ವಾರ ತಡ. ಕಾಲುವೆಯ ಮಣ್ಣನ್ನು ಸರಿಯಾಗಿ ಗುದ್ದದೆ ಹೋದರು, ಎರಡೇ ಮಳೆಗೆ ಕುಸಿಯಿತು. ಮೊದಲ ವಾರದಲ್ಲಿ ಆರ್‌ಸಿಸಿಬಿ ಮೂರು ಸಲ ಬಿತ್ತು. ಫೋನ್ ಮಾಡಿದರೆ ಮೂರನೇ ದಿನಕ್ಕೆ ಬಂದರು, ಅಲ್ಲಿಯವರೆಗೆ ಬಾವಿಯಿಂದ ನೀರು ಸೇದಿಕೊಂಡೆವು. ಬಚ್ಚಲ ಹಳೇ ಹೋಲ್ಡರಿನೊಳಗೆ ನೀರು ಇಳಿದಿತ್ತು, ಅದನ್ನು ಮೊದಲೇ ಬದಲಿಸಬೇಕಿತ್ತು. ಹೊರಗಿನ ಲೈನಿಗೆ ಬೇರೆಯೇ ಆರ್‌ಸಿಸಿಬಿ ಹಾಕಿದ್ದರಿಂದ ಮನೆಯೊಳಗೆ ಕತ್ತಲಾಗಲಿಲ್ಲ ಎನ್ನುವುದು ನಿಜ.

ಎರಡನೇ ಗುಂಡಿಯ ಖರ್ಚೂ ಸೇರಿ ಒಟ್ಟು 31,400 ರೂಪಾಯಿ ಆಯಿತು. ಬಿಲ್ಲಿನಲ್ಲಿ ಕೇಬಲ್ಲಿನ ಮೀಟರ್ ಲೆಕ್ಕದಿಂದ ಹಿಡಿದು ಉಪ್ಪಿನ ಚೀಲದವರೆಗೆ ಎಲ್ಲ ಬರೆದಿದೆ. ನಮ್ಮಂಥ ಪಿಂಚಣಿಯ ಮನೆಗೆ ಸಣ್ಣ ಮೊತ್ತವಲ್ಲ, ಕೊಟ್ಟದ್ದಕ್ಕೆ ನನಗೆ ಬೇಸರವೂ ಇಲ್ಲ. ಕೊಟ್ಟಿಗೆಯ ವೈರಿಂಗ್ ಇನ್ನೂ ಹಳೆಯದೇ ಇದೆ. ಈ ಸಲ ಕೊಯ್ಲು ಮುಗಿದ ಮೇಲೆ ಅದಕ್ಕೂ ಅವರನ್ನೇ ಕರೆಸುತ್ತೇನೆ, ಮಣ್ಣು ಗುದ್ದುವವರೆಗೆ ಹಣದ ಕೊನೇ ಕಂತು ಮಾತ್ರ ಕೊಡುವುದಿಲ್ಲ. ಅತ್ತೆ ಈಗ ನೈಲಾನ್ ಹಗ್ಗದ ಮೇಲೆ ಬಟ್ಟೆ ಹರಗುತ್ತಾರೆ.