ಹಳೇ ಕ್ಯಾಮೆರಾದ ಬ್ಯಾಟರಿ ಅಡಾಪ್ಟರ್: ಪರ್ವಾಗಿಲ್ಲ, ಆದ್ರೆ ನಂಗೆ ಬೇಕಿರೋದು ಇದಲ್ಲ

ನನ್ನ ಹಳೇ ಫಿಲ್ಮ್ ಕ್ಯಾಮೆರಾ ಒಲಿಂಪಸ್ ಓಎಂ-1 ಕೇಳೋದು 1.35 ವೋಲ್ಟ್ ಮರ್ಕ್ಯುರಿ ಬ್ಯಾಟರಿ, ಪಾದರಸ ವಿಷ ಅಂತ ಅದನ್ನ ಮಾಡೋದೇ ನಿಲ್ಸಿ ಕಾಲ ಆಯ್ತು. ಅದೇ ಸೈಜಿನ 1.5 ವೋಲ್ಟ್ ಆಲ್ಕಲೈನ್ ಹಾಕಿದ್ರೆ ಕ್ಯಾಮೆರಾದೊಳಗಿನ ಬೆಳಕು ಅಳೆಯೋ ಮೀಟರ್ ಬೆಳಕು ಜಾಸ್ತಿ ಇದೆ ಅಂದ್ಕೊಂಡು ಮೋಸ ಹೋಗತ್ತೆ, ಫೋಟೋ ಕಪ್ಪಗೆ ಬರತ್ತೆ, ನೆಗೆಟಿವ್ ಫಿಲ್ಮ್ ಹೇಗೋ ತಡ್ಕೊಳತ್ತೆ ಆದ್ರೆ ಸ್ಲೈಡ್ ಫಿಲ್ಮ್ ಆದ್ರೆ ಕಥೆ ಮುಗೀತು.

ಅದಕ್ಕೇ ಈ ಅಡಾಪ್ಟರ್ ತಗೊಂಡೆ. ಪುಟ್ಟ ಲೋಹದ ಬಿಲ್ಲೆ ಥರ ಇದೆ, ಒಳಗೊಂದು ವೋಲ್ಟೇಜ್ ಇಳಿಸೋ ಡಯೋಡ್, ಚಿಕ್ಕ ಸಿಲ್ವರ್ ಆಕ್ಸೈಡ್ ಬ್ಯಾಟರಿ ಕೂರಿಸಿದ್ರೆ ಅದರ 1.55 ವೋಲ್ಟ್ ಸ್ವಲ್ಪ ಇಳಿದು ಹೆಚ್ಚುಕಮ್ಮಿ ಹಳೇ ಲೆಕ್ಕಕ್ಕೇ ಬರತ್ತೆ. ಬೇರೆ ಲೈಟ್ ಮೀಟರ್ ಜೊತೆ ಹೋಲಿಸಿ ನೋಡ್ದೆ, ಸರಿಯಾಗೇ ತೋರಿಸ್ತು. ಕೂರಿಸೋದು ಮಾತ್ರ ಸ್ವಲ್ಪ ಟೈಟು, ಉಗುರು ಮುರ್ಕೊಂಡೆ.

ಕಿವಿ ಮಷೀನಿನ ಜಿಂಕ್-ಏರ್ ಬ್ಯಾಟರಿನೂ ಹಾಕ್ಬೋದು, 1.4 ವೋಲ್ಟು, ಆದ್ರೆ ಸ್ಟಿಕರ್ ಕಿತ್ತು ಗಾಳಿ ಒಳಗೆ ಹೋದ ಮೇಲೆ ಕ್ಯಾಮೆರಾ ಮುಟ್ಟದೇ ಇದ್ರೂ ಕೆಲವೇ ತಿಂಗಳಲ್ಲಿ ಸಾಯತ್ತೆ.

ಯಾರಾದ್ರೂ ಪುಣ್ಯಾತ್ಮರು ಇದೇ ಸೈಜಲ್ಲಿ ಚಾರ್ಜ್ ಮಾಡೋ ಥರದ್ದು, ಕೊನೇವರೆಗೂ 1.35 ಬಿಟ್ಟು ಅಲ್ಲಾಡದೇ ಇರೋದು ಮಾಡಿದ್ರೆ ಮೊದಲ ಗಿರಾಕಿ ನಾನೇ. ಅಲ್ಲೀವರೆಗೂ ಇದಕ್ಕೆ ಐದಕ್ಕೆ ನಾಲ್ಕು.